ಕಮ್ಮಿ ಬಂದರೆ ಯಾರದು, ಹೆಚ್ಚು ಬಂದರೆ ಯಾರದು?

ಹಳೇ ಹೋಟೆಲುಗಳಲ್ಲಿ ತಿನ್ನುವುದು ಮೊದಲು, ದುಡ್ಡು ಆಮೇಲೆ. ಸಪ್ಲೈಯರ್ ಬಂದು ಇಡ್ಲಿ, ವಡೆ, ಒಗ್ಗರಣಿ, ಮಿರ್ಚಿ ಅಂತ ಒಂದೇ ಉಸಿರಿಗೆ ಹೇಳಿ, ಕೇಳಿದ್ದನ್ನು ತಂದಿಟ್ಟು, ನೀವು ಕೈ ತೊಳೆದು ಬರುವಷ್ಟರಲ್ಲಿ ಗಲ್ಲಾದ ಕಡೆ ಕೂಗಿರುತ್ತಿದ್ದ: "ಬಿಳಿ ಟವೆಲ್ಲು ಎಪ್ಪತ್ತೈದು!" ಫಾಸ್ಟ್‌ಫುಡ್ಡಿನಲ್ಲಿ ಇದು ಉಲ್ಟಾ. ಬಾಗಿಲು ದಾಟುತ್ತಲೇ ಗಲ್ಲಾ. ಮೊದಲು ದುಡ್ಡು, ಆಮೇಲೆ ಟೋಕನ್, ಕೊನೆಗೆ ತಟ್ಟೆ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರು ಮಾಡಿದ ಮೇಲೆ ಈ ಪದ್ಧತಿ ರಾಜ್ಯದ ತುಂಬಾ ಹಬ್ಬಿತು. ನಿಂತು ತಿನ್ನು, ಬೇಗ ಹೋಗು. ಹೀಗಾಗಿ ಹಸಿದು ಬಂದವನ ಮುಖ ಮೊದಲು ನೋಡುವವನು ಕ್ಯಾಷಿಯರ್. ಬೈಗುಳವೂ ಮೊದಲು ಅವನಿಗೇ.

ನಾವಿಬ್ಬರು ಒಂದೇ ವರ್ಷ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದವರು. ಇಬ್ಬರೂ ಜಿಲ್ಲೆಯ ಬಿಡಿ ವರದಿಗಾರರು. ಅಂದರೆ ಅಚ್ಚಾದ ಸುದ್ದಿಗಷ್ಟೇ ದುಡ್ಡು, ಆ ದುಡ್ಡಿಗೂ ತಿಂಗಳುಗಟ್ಟಲೆ ಕಾಯುವುದು. 2023ರ ಕೊನೆಗೆ ಹಂಪಿಯ ಒಂದು ಫಾಸ್ಟ್‌ಫುಡ್ ಹೋಟೆಲಿನಲ್ಲಿ ಗಲ್ಲಾಕ್ಕೆ ಜನ ಬೇಕು ಅಂತ ಗೊತ್ತಾಗಿ ಇಬ್ಬರೂ ಸೇರಿಕೊಂಡೆವು. ಒಬ್ಬರು ಬೆಳಗ್ಗೆ 7ರಿಂದ 3ರವರೆಗೆ, ಇನ್ನೊಬ್ಬರು 3ರಿಂದ 11ರವರೆಗೆ. ವಾರಕ್ಕೊಮ್ಮೆ ಅದಲು ಬದಲು. ಉಳಿದ ಹೊತ್ತಿನಲ್ಲಿ ಸುದ್ದಿ. ಯಾವ ದಿನ ಯಾರು ಕೂತಿದ್ದೆವು ಅಂತ ಈಗ ನಮಗೇ ಕಲಸಿ ಹೋಗಿದೆ, ಅದಕ್ಕೆ "ನಾವು" ಅಂತಲೇ ಬರೆಯುತ್ತೇವೆ. ಹೋಟೆಲಿನ ಹೆಸರು ಇಲ್ಲಿ ಬೇಡ. ನಿಮ್ಮೂರಿನ ಹುಡುಗರು ಪಿಯುಸಿ ಮುಗಿಸಿ ಹೊಸಪೇಟೆಗೋ ಬಳ್ಳಾರಿಗೋ ಬೆಂಗಳೂರಿಗೋ ಹೋಟೆಲ್ ಕೆಲಸಕ್ಕೆ ಹೋಗುತ್ತಾರಲ್ಲ, ಗಲ್ಲಾದಲ್ಲಿ ಕೂರುವ ಮುಂಚೆ ಅವರು ಇದನ್ನು ಓದಲಿ ಅಂತ ಆಸೆ.

ಮೊದಲು ಗಿರಾಕಿಗಳ ವಿಷಯ. ಹೊಸಪೇಟೆ ಬಸ್ ಸ್ಟ್ಯಾಂಡ್ ಹತ್ತಿರದ ಫಾಸ್ಟ್‌ಫುಡ್ಡಿಗೂ ಹಂಪಿಯದ್ದಕ್ಕೂ ಬಹಳ ವ್ಯತ್ಯಾಸ. ಹೊಸಪೇಟೆಯಲ್ಲಿ ಬರುವವರಿಗೆ ಏನು ಬೇಕು ಅಂತ ಮೊದಲೇ ಗೊತ್ತಿರುತ್ತದೆ. ಹಂಪಿಗೆ ಬರುವವರಿಗೆ ಹಸಿವು ಮಾತ್ರ ಗೊತ್ತಿರುತ್ತದೆ. ಗುಡಿಯ ಸುತ್ತ ಮಾಂಸ, ಮದ್ಯ ಇಲ್ಲ. "ಎಗ್ ರೈಸ್ ಇಲ್ವಾ?" ಅನ್ನುವ ಪ್ರಶ್ನೆಗೆ ದಿನಕ್ಕೆ ಇಪ್ಪತ್ತು ಸಲ "ಇಲ್ರಿ" ಅನ್ನಬೇಕು. ಇಲ್ಲ ಅಂದರೆ ನಮ್ಮ ಮೇಲೇ ಸಿಟ್ಟು. ಫಾರಿನ್ ಜನ ಮೆನು ಹಿಡಿದು ಹತ್ತು ನಿಮಿಷ ಓದುತ್ತಾರೆ, ಹಿಂದೆ ಸಾಲು ಬೆಳೆಯುತ್ತದೆ. ಮಂತ್ರಾಲಯ ನೋಡಿಕೊಂಡು ಬರುವ ಕುಟುಂಬದವರು ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ನೂಡಲ್ಸ್ ಕೇಳುತ್ತಾರೆ. ಅದು ಹೆಂಗೆ ಮಾಡುವುದು ಅಂತ ನಮ್ಮ ಭಟ್ಟನಿಗೆ ಇವತ್ತಿಗೂ ಗೊತ್ತಿಲ್ಲ.

ಎಲ್ಲಕ್ಕಿಂತ ಕಷ್ಟ ಡಿಸೆಂಬರ್, ಜನವರಿಯ ಶಾಲಾ ಪ್ರವಾಸ. ಬಸ್ಸಿನಿಂದ ಅರವತ್ತು ಮಕ್ಕಳು ಇಳಿಯುತ್ತಾರೆ. ಅಪ್ಪ ಕೊಟ್ಟ ನೂರರ ನೋಟು ಒಬ್ಬೊಬ್ಬರ ಮುಷ್ಟಿಯಲ್ಲಿ ಬೆವರಿ ಮೆತ್ತಗಾಗಿರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬಿಲ್ಲು. ಅರ್ಧ ಗೋಬಿ ಎಷ್ಟು, ಕಾಲು ಗೋಬಿ ಕೊಡ್ತೀರಾ, ಸಾಸ್‌ಗೆ ದುಡ್ಡಾ. ಮೇಷ್ಟ್ರು ಬಾಗಿಲಲ್ಲಿ ನಿಂತು "ಬೇಗ ಕೊಡ್ರಿ, ಇನ್ನಾ ಕಲ್ಲಿನ ರಥ ನೋಡೋದೈತಿ" ಅನ್ನುತ್ತಾರೆ. ಒಂದು ಸಲ ಕೂಡ್ಲಿಗಿ ಕಡೆಯ ಒಂದು ಹುಡುಗಿ ದುಡ್ಡು ಕೊಟ್ಟು, ಚಿಲ್ಲರೆ ತೆಗೆದುಕೊಂಡು, ಎರಡು ಸಲ ಎಣಿಸಿ, ಒಂದು ಹತ್ತರ ನೋಟು ವಾಪಸ್ ಇಟ್ಟಳು. "ಸರ್, ಹೆಚ್ಚಿಗಿ ಬಂತು." ಅಂಟಿಕೊಂಡಿದ್ದ ಹೊಸ ನೋಟುಗಳು. ಆ ದಿನ ಪೂರ್ತಿ ಯಾರು ಬೈದರೂ ನಮಗೆ ನಾಟಲಿಲ್ಲ.

ಗೋಬಿಯ ಬಣ್ಣದ್ದು ಇನ್ನೊಂದು ಕಥೆ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೆ, ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಹೇಳಿದರು. ರಾಜ್ಯದಲ್ಲಿ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ತಿನ್ನಲು ಯೋಗ್ಯವಲ್ಲ ಅಂತ ಬಂದಿತ್ತು. ನಾವು ಆ ಸುದ್ದಿಯನ್ನು ಮಧ್ಯಾಹ್ನ ಕಳಿಸಿ, ಸಂಜೆ ಗಲ್ಲಾಕ್ಕೆ ಬಂದು ಕೂತರೆ, ಒಳಗಿಂದ ಬಂದ ಗೋಬಿ ಪೇಲವ ಕಂದು ಬಣ್ಣದ್ದು. ಮಾಲೀಕರು ಹೆದರಿ ಅವತ್ತೇ ಬಣ್ಣದ ಡಬ್ಬಿ ಎಸೆದಿದ್ದರು. ಗಿರಾಕಿಗಳು ತಟ್ಟೆ ಹಿಡಿದು ಗಲ್ಲಾಕ್ಕೆ ಬಂದರು: "ಇದು ನಿನ್ನಿದು ಐತೇನು?" ಅಂತ. ಕೆಂಪಗಿದ್ದರೆ ಮಾತ್ರ ಬಿಸಿ, ತಾಜಾ ಅನ್ನುವ ನಂಬಿಕೆ. ಆದೇಶ ಹೊರಡಿಸಿದವರು ಬೆಂಗಳೂರಲ್ಲಿದ್ದರು, ಉತ್ತರ ಹೇಳುವವರು ನಾವಾಗಿದ್ದೆವು. ಒಂದು ತಿಂಗಳಾದ ಮೇಲೆ ಜನ ಒಗ್ಗಿದರು.

ಗಲ್ಲಾದಲ್ಲಿ ಕೂತವನ ಅರ್ಧ ಆಯುಷ್ಯ ಚಿಲ್ಲರೆಗೆ ಹೋಗುತ್ತದೆ. ಎಟಿಎಂನಿಂದ ಬರುವುದೆಲ್ಲ ಐನೂರರ ನೋಟು. ಪ್ರವಾಸಿಗರು ಅದನ್ನು ಮುರಿಸುವುದು ಚಹಾ ಕುಡಿಯುವ ಜಾಗದಲ್ಲಿ. ಹಂಪಿಯಲ್ಲಿ ಚಿಲ್ಲರೆಗೆ ಎರಡು ವಿಶೇಷ ಬೇಡಿಕೆ ಇವೆ, ಬೇರೆ ಊರಿನ ಕ್ಯಾಷಿಯರ್‌ಗಳಿಗೆ ಅವು ಗೊತ್ತಿರಲಿಕ್ಕಿಲ್ಲ. ಒಂದು, ವಿರೂಪಾಕ್ಷನ ಗುಡಿಯ ಆನೆ ಲಕ್ಷ್ಮಿಗೆ ಕೊಡುವ ಚಿಲ್ಲರೆ. ಸೊಂಡಿಲಿಗೆ ನಾಣ್ಯ ಕೊಟ್ಟರೆ ತಲೆ ಮೇಲೆ ಸೊಂಡಿಲಿಟ್ಟು ಆಶೀರ್ವಾದ ಮಾಡುತ್ತಾಳೆ. ಮಕ್ಕಳಿದ್ದ ಮನೆಯವರೆಲ್ಲ "ಆನಿಗೆ ಕೊಡಾಕ ಹತ್ತು ರೂಪಾಯಿ ಚಿಲ್ಲರ ಕೊಡ್ರಿ" ಅಂತ ಬರುತ್ತಾರೆ. ಎರಡನೇದು, ಹೊಸ ಐವತ್ತರ ನೋಟು. 2017ರಲ್ಲಿ ರಿಸರ್ವ್ ಬ್ಯಾಂಕ್ ತಂದ ಆ ನೀಲಿ ನೋಟಿನ ಹಿಂದೆ ನಮ್ಮ ವಿಠ್ಠಲ ಗುಡಿಯ ಕಲ್ಲಿನ ರಥ ಇದೆಯಲ್ಲ, ನೋಟನ್ನು ರಥದ ಮುಂದೆ ಹಿಡಿದು ಫೋಟೊ ತೆಗೆಸಿಕೊಳ್ಳುವುದು ಈಗ ಎಲ್ಲರಿಗೂ ಆಗಬೇಕು. "ಮಡಚಿರಬಾರದು, ಗರಿಗರಿ ಇರಬೇಕು" ಅಂತ ಕೇಳುತ್ತಾರೆ. ಬೆಳಗ್ಗೆ ಬ್ಯಾಂಕಿನಿಂದ ತಂದ ಐವತ್ತರ ಕಟ್ಟು ಮಧ್ಯಾಹ್ನಕ್ಕೆ ವಿಠ್ಠಲ ಗುಡಿಗೆ ಹೋಗಿರುತ್ತದೆ.

ಮುಂಚೆ ನಮಗೆ ಚಿಲ್ಲರೆ ಕೊಡುತ್ತಿದ್ದವರು ಬಸ್ ಕಂಡಕ್ಟರ್‌ಗಳು. ಹೊಸಪೇಟೆ–ಹಂಪಿ ಬಸ್ಸಿನ ಕಂಡಕ್ಟರ್ ಚಹಾಕ್ಕೆ ಇಳಿದರೆ ಬ್ಯಾಗಿನಿಂದ ಹತ್ತು, ಇಪ್ಪತ್ತರ ಗಂಟು ತೆಗೆದು ಐನೂರರ ನೋಟು ಒಯ್ಯುತ್ತಿದ್ದರು, ಇಬ್ಬರಿಗೂ ಅನುಕೂಲ. ಆದರೆ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಅರ್ಧ ಬಸ್ಸಿಗೆ ದುಡ್ಡಿನ ಟಿಕೆಟ್ಟೇ ಇಲ್ಲ. "ನನ್ ಚೀಲದಾಗ ಈಗ ಬರೇ ಜೀರೋ ಟಿಕೆಟ್ ಅದಾವ ನೋಡ್ರಿ, ಅದನ್ನ ಚಿಲ್ಲರ ಮಾಡ್ಕೊಳ್ರಿ" ಅಂತ ಒಬ್ಬ ಕಂಡಕ್ಟರ್ ಅಣ್ಣ ನಗುತ್ತಿದ್ದರು.

ಹತ್ತು ರೂಪಾಯಿ ನಾಣ್ಯದ ಜಗಳ ನಿಮ್ಮೂರಲ್ಲೂ ಇರುತ್ತದೆ. ಗೆರೆ ಹತ್ತು ಇದ್ದರೆ ಅಸಲಿ, ಹದಿನೈದಿದ್ದರೆ ನಕಲಿ, ರೂಪಾಯಿ ಚಿಹ್ನೆ ಇಲ್ಲದಿದ್ದರೆ ನಡೆಯಲ್ಲ ಅಂತ ಏನೇನೋ. ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಹೇಳಿದೆ: ಹತ್ತರ ನಾಣ್ಯ 14 ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ನಡೆಯುತ್ತವೆ. ನಾವು ತೆಗೆದುಕೊಳ್ಳುತ್ತಿದ್ದೆವು. ವಾಪಸ್ ಕೊಟ್ಟರೆ ಗಿರಾಕಿ ತೆಗೆದುಕೊಳ್ಳುತ್ತಿರಲಿಲ್ಲ. ಗಲ್ಲಾದ ಒಂದು ಖಾನೆಯಲ್ಲಿ ನಾಣ್ಯಗಳು ಗುಡ್ಡೆ ಬಿದ್ದು, ಕೊನೆಗೆ ಅವನ್ನೂ ಆನೆಯ ಖಾತೆಗೇ ಹಾಕುತ್ತಿದ್ದೆವು, ಅಂದರೆ ಆನೆಗೆ ಅಂತ ಕೇಳಿ ಬಂದವರಿಗೆ. ಆನೆ ಬೇಡ ಅನ್ನುವುದಿಲ್ಲ.

ಹಂಪಿಯಲ್ಲಿ ಚಿಲ್ಲರೆ ಲೆಕ್ಕ ಇವತ್ತಿನದಲ್ಲ ಬಿಡಿ. 1443ರಲ್ಲಿ, ಎರಡನೇ ದೇವರಾಯನ ಕಾಲದಲ್ಲಿ, ಪರ್ಶಿಯಾದಿಂದ ಬಂದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿನ ಬಜಾರುಗಳ ಜೊತೆಗೆ ನಾಣ್ಯಗಳ ಪಟ್ಟಿಯನ್ನೂ ಬರೆದಿಟ್ಟಿದ್ದಾನೆ. ಒಂದು ವರಹಕ್ಕೆ ಎರಡು ಪರ್ತಾಬ್, ಒಂದು ಪರ್ತಾಬಿಗೆ ಹತ್ತು ಹಣ, ಒಂದು ಹಣಕ್ಕೆ ಆರು ತಾರ, ಒಂದು ತಾರಕ್ಕೆ ಮೂರು ಜೀತಲ. ಒಂದು ವರಹ ಮುರಿಸಿದರೆ 360 ಜೀತಲ. ಇವುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಹಣ ಅಂತಲೂ ಹೇಳುತ್ತಾನೆ. ಆ ಸಣ್ಣ ಚಿನ್ನದ ನಾಣ್ಯದ ಹೆಸರೇ ಈಗ ನಮ್ಮ ಬಾಯಲ್ಲಿ ಎಲ್ಲ ದುಡ್ಡಿಗೂ ನಿಂತಿದೆ. ಆಗ ಈ ಬೀದಿಯಲ್ಲಿ ಕೂತವನು ಆರರಿಂದ, ಮೂರರಿಂದ ಭಾಗಿಸಿ ಚಿಲ್ಲರೆ ಕೊಡಬೇಕಿತ್ತು. ನಮ್ಮದು ಹಗುರ.

ನಮಗೆ ಗಲ್ಲಾ ಕಲಿಸಿದವರು ಪಕ್ಕದ ಹೋಟೆಲಿನ ಕ್ಯಾಷಿಯರ್, ವಯಸ್ಸಿನಲ್ಲಿ ಹಿರಿಯರು. ನಾವು ಅಣ್ಣಾ ಅಂತಲೇ ಕರೆಯುವುದು. ವಿರೂಪಾಕ್ಷನ ಗುಡಿಯಿಂದ ಎದುರು ಬಸವಣ್ಣನವರೆಗೆ ಇರುವ ಬಜಾರಿನ ಸಾಲು ಮಂಟಪಗಳಲ್ಲಿ ಮುಂಚೆ ಅಂಗಡಿ, ಮನೆ, ಹೋಟೆಲುಗಳಿದ್ದವು. 2011ರ ಜುಲೈ 29ರಂದು ಜಿಲ್ಲಾಡಳಿತ ಬಂದು ತೆರವು ಮಾಡಿತು. ಅಣ್ಣನಿಗೆ ಅಲ್ಲಿ ಸಣ್ಣ ತಿಂಡಿ ಅಂಗಡಿ ಇತ್ತು. ಸ್ಮಾರಕ ಉಳಿಯಬೇಕು ಅನ್ನುವವರ ಮಾತೂ ಸರಿ, ರಾತ್ರಿ ಬೆಳಗಾಗುವುದರಲ್ಲಿ ಅಂಗಡಿ ಕಳೆದುಕೊಂಡವರ ಸಂಕಟವೂ ಸರಿ, ಅದನ್ನು ಬೇರೆಯಾಗಿ ಬರೆಯಬೇಕು. ಕಡ್ಡಿರಾಂಪುರದ ಕಡೆ ಜಾಗ ಕೊಡುವುದು, ಕಟ್ಟುವುದು ಅಂತ ವರ್ಷಗಳು ಕಳೆದವು. ಅಷ್ಟರಲ್ಲಿ ಅಣ್ಣ ಬೇರೆಯವರ ಗಲ್ಲಾಕ್ಕೆ ಕೂತಾಗಿತ್ತು. "ನಂದೇ ಅಂಗಡಿ ಇದ್ದಾಗ ನಾ ಲೆಕ್ಕಾನೇ ಬರೀತಿರ್ಲಿಲ್ಲ. ಮಂದಿ ಗಲ್ಲಾದಾಗ ಕುಂತ ಮ್ಯಾಲೆ ಪೈಸಾ ಪೈಸಾ ಬರ್ಯಾಕ ಕಲ್ತೆ" ಅನ್ನುತ್ತಿದ್ದರು.

ಅಣ್ಣ ಕಲಿಸಿದ ಮೊದಲ ಪಾಠ: ಗಿರಾಕಿ ಕೊಟ್ಟ ನೋಟನ್ನು ತಕ್ಷಣ ಗಲ್ಲಾದೊಳಗೆ ಹಾಕಬಾರದು. ಮೇಲೆ, ಅವನ ಕಣ್ಣಿಗೆ ಕಾಣುವ ಹಾಗೆ ಇಟ್ಟು, ಚಿಲ್ಲರೆ ಅವನ ಕೈಗೆ ಹೋದ ಮೇಲೆ ಒಳಗೆ. "ನಾ ಐನೂರು ಕೊಟ್ಟಿದ್ದೆ, ನೀ ನೂರು ಅಂತೀಯಲ್ಲ" ಅನ್ನುವ ಜಗಳ ಅಲ್ಲಿಗೇ ನಿಲ್ಲುತ್ತದೆ. ಎರಡನೇದು: ಚಿಲ್ಲರೆಯನ್ನು ಕಳೆದು ಹೇಳಬಾರದು, ಕೂಡಿಸುತ್ತಾ ಕೊಡಬೇಕು. ಬಿಲ್ಲು 68, ಕೊಟ್ಟಿದ್ದು ನೂರು. ಎರಡು ಇಟ್ಟು "ಎಪ್ಪತ್ತು", ಹತ್ತು ಇಟ್ಟು "ಎಂಬತ್ತು", ಇಪ್ಪತ್ತು ಇಟ್ಟು "ನೂರು". ಗಿರಾಕಿಯೂ ಜೊತೆಗೇ ಎಣಿಸುತ್ತಾನೆ. ಮೂರನೇದು: ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ ಎಣಿಸು, ಅದು ಮಾಲೀಕನೇ ಆಗಿರಲಿ.

ಅಣ್ಣನ ಕಾಲಕ್ಕೆ ಫೋನ್ ದುಡ್ಡು ಇರಲಿಲ್ಲ. ಅದರ ಪಾಠ ನಾವೇ ಕಲಿತೆವು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಸಿರು ಗುರುತು ತೋರಿಸಿ ಹೋಗುತ್ತಾರೆ. ಆ ಗುರುತು ಇವತ್ತಿನದೋ ನಿನ್ನೆಯದೋ, ನಮ್ಮ ಹೋಟೆಲಿಗೋ ಇನ್ನೊಂದಕ್ಕೋ, ಯಾರು ನೋಡುತ್ತಾರೆ? ಅದಕ್ಕೇ ಆ ಮಾತಾಡುವ ಡಬ್ಬಿ ಬಂದಿದ್ದು. ಡಬ್ಬಿ ಕೂಗಿದರೆ ಮಾತ್ರ ಟೋಕನ್. ಆದರೆ ಹುಣ್ಣಿಮೆ, ಅಮಾವಾಸ್ಯೆ, ತೇರು, ಹಂಪಿ ಉತ್ಸವ ಅಂದರೆ ಸಾವಿರಾರು ಫೋನು ಒಂದೇ ಕಡೆ ಸೇರಿ ನೆಟ್‌ವರ್ಕ್ ಬಿದ್ದು ಹೋಗುತ್ತದೆ. ಡಬ್ಬಿ ಸುಮ್ಮನಿರುತ್ತದೆ. ಗಿರಾಕಿಯ ಫೋನಿನಲ್ಲಿ ಚಕ್ರ ತಿರುಗುತ್ತಿರುತ್ತದೆ. ಅವನ ಖಾತೆಯಲ್ಲಿ ಕಡಿತ ಆಗಿ ಅಂಗಡಿಗೆ ಬಂದ ಖಾತ್ರಿ ಇಲ್ಲದಿದ್ದರೆ ಐದು ದಿನದೊಳಗೆ ಅವನಿಗೆ ವಾಪಸ್ ಹೋಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಬ್ಯಾಂಕು ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ಇದು ನಿಮಗೂ ಉಪಯೋಗಕ್ಕೆ ಬರಬಹುದು. ಆದರೆ ಹಿಂದೆ ನಲವತ್ತು ಜನ ನಿಂತಾಗ ನಿಯಮ ಹೇಳುತ್ತಾ ಕೂರಲಿಕ್ಕಾಗುವುದಿಲ್ಲ.

2025ರ ಜುಲೈನಲ್ಲಿ ಇದ್ದಕ್ಕಿದ್ದಂತೆ ಹತ್ತಿರದ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಾಣೆಯಾದವು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ ಅನ್ನುವುದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಮಾಡಿ, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂದ ಮೇಲೆ ತಣ್ಣಗಾಯಿತು. ಆ ಎರಡು ವಾರ ಎಲ್ಲರೂ ಮತ್ತೆ ನೋಟು ಹಿಡಿದು ಬಂದರು, ನಮ್ಮ ಬೆರಳು ಕಪ್ಪಾದವು.

ಇನ್ನು ಹೇಳಬೇಕಾದ ಮಾತಿಗೆ ಬರುತ್ತೇವೆ.

ರಾತ್ರಿ ಬಾಗಿಲು ಹಾಕಿದ ಮೇಲೆ ಲೆಕ್ಕ ತಾಳೆ ಮಾಡಬೇಕು. ಬಿಲ್ಲಿಂಗ್ ಮಷೀನು ಇವತ್ತಿನ ಒಟ್ಟು ಬಿಲ್ಲು ಹೇಳುತ್ತದೆ. ಗಲ್ಲಾದ ನಗದು ಎಣಿಸಿ, ಬೆಳಗ್ಗೆ ಚಿಲ್ಲರೆಗೆ ಅಂತ ಹಾಕಿದ್ದ 2,000 ಕಳೆದು, ಆಪ್‌ನಲ್ಲಿ ಬಂದದ್ದು ಕೂಡಿಸಿದರೆ ಎರಡೂ ಸಮ ಇರಬೇಕು. ಸಮ ಇರುವ ದಿನ ಕಡಿಮೆ. ಐದು, ಹತ್ತು, ಇಪ್ಪತ್ತು ಆ ಕಡೆ ಈ ಕಡೆ ಆಗೇ ಆಗುತ್ತದೆ. ಕಮ್ಮಿ ಬಂದರೆ ಅದಕ್ಕೆ ಎಲ್ಲ ಹೋಟೆಲುಗಳಲ್ಲೂ ಒಂದೇ ಹೆಸರು, "ಶಾರ್ಟ್". ಶಾರ್ಟ್ ಬಂದರೆ ಕ್ಯಾಷಿಯರ್ ಜೇಬಿನಿಂದ. ಹೆಚ್ಚು ಬಂದರೆ? ಅದಕ್ಕೆ ಹೆಸರೇ ಇಲ್ಲ. ಅದು ಗಲ್ಲಾದಲ್ಲೇ ಉಳಿಯುತ್ತದೆ, ಗಲ್ಲಾ ಮಾಲೀಕರದ್ದು.

ಕೆಲಸಕ್ಕೆ ಸೇರಿದ ದಿನವೇ ನಮಗೆ ಇದನ್ನು ಹೇಳಿದ್ದರು. ಒಪ್ಪಿದ್ದೆವು, ಯಾಕಂದರೆ ಎಲ್ಲ ಕಡೆ ಹಾಗೇ. ಆದರೆ ಸುದ್ದಿ ಬರೆಯುವ ಚಾಳಿ ಇತ್ತಲ್ಲ, ನೂರು ಪುಟದ ಒಂದು ನೋಟ್‌ಬುಕ್ ತಂದು ದಿನಾ ರಾತ್ರಿ ಬರೆದಿಡಲು ಶುರು ಮಾಡಿದೆವು. ತಾರೀಖು, ಬಾಗಿಲು ಹಾಕಿದ ಗಂಟೆ, ಯಾವ ನೋಟು ಎಷ್ಟೆಷ್ಟು, ಆಪ್ ಎಷ್ಟು, ಕಮ್ಮಿಯೋ ಹೆಚ್ಚೋ. ಮಾಲೀಕರು ನೋಡಿ ನಕ್ಕರು. "ಇದನ್ನೂ ಪೇಪರ್‌ನಾಗ ಹಾಕ್ತೀರೇನು?"

ಒಂದು ಹಂಪಿ ಉತ್ಸವದ ಕೊನೆಯ ರಾತ್ರಿ. ಮೊದಲ ಎರಡು ದಿನ 12ರೊಳಗೆ ಬಾಗಿಲು ಹಾಕಿದ್ದೆವು. ಮೂರನೇ ದಿನ ಮುಖ್ಯ ವೇದಿಕೆಯ ಸಮಾರೋಪ, ನಾವಿಬ್ಬರೂ ಸುದ್ದಿಗೆ ಅಂತ ಮೊದಲೇ ರಜೆ ಹೇಳಿದ್ದೆವು. ಗಲ್ಲಾಕ್ಕೆ ಪಾರ್ಸಲ್ ಕೌಂಟರಿನ ಹುಡುಗನನ್ನು ಕೂರಿಸಿದರು. ಕಂಪ್ಲಿ ಕಡೆಯ ಹಳ್ಳಿಯವನು, ಹತ್ತೊಂಬತ್ತು ವರ್ಷ, ಪಿಯುಸಿ ಕಾಮರ್ಸ್. ಚುರುಕು. ತಿಂಗಳಿಗೆ 9,000 ಸಂಬಳ, ಅದರಲ್ಲಿ 6,000 ಮನೆಗೆ. ಕಾರ್ಯಕ್ರಮ ಬಿಟ್ಟ ಜನ ನುಗ್ಗಿ ಬಂದು, ಹೋಟೆಲು ಮುಚ್ಚಿದಾಗ 12 ದಾಟಿ ಅರ್ಧ ಗಂಟೆ. ಬಿಲ್ಲು 38,460. ನಗದು 17,310, ಆಪ್‌ನಲ್ಲಿ 20,510. ಒಟ್ಟು 37,820. ಶಾರ್ಟ್ 640.

ಹುಡುಗ ಮೂರು ಸಲ ಎಣಿಸಿದನಂತೆ. ಮಾಲೀಕರು ಬೈಯಲಿಲ್ಲ, ಅದು ಅವರ ಸ್ವಭಾವ ಅಲ್ಲ. "ಸಂಬಳದಾಗ ಹಿಡ್ಕೊಂತೀನಿ" ಅಂದರು, ಅಷ್ಟೇ. ಆದರೆ ಅಡುಗೆ ಮನೆಯಲ್ಲಿ ಯಾರೋ "ಉತ್ಸವದಾಗ ಹೊಸಾ ಶರ್ಟ್ ತಗೊಂಡಾನ ನೋಡು" ಅಂದರು. ಆ ಮಾತು ಕಂಪ್ಲಿಯವರೆಗೂ ಹೋಯಿತು. ಹೋಟೆಲಿನಲ್ಲಿ ಅದೇ ಕಡೆಯ ಇನ್ನಿಬ್ಬರು ಕೆಲಸಕ್ಕಿದ್ದರು. ವಾರದೊಳಗೆ ಹುಡುಗ ಬ್ಯಾಗು ತೆಗೆದುಕೊಂಡು ಹೋದ. ಕೊನೆಯ ಸಂಬಳದಲ್ಲಿ 640 ಕಡಿತ ಆಗಿತ್ತು.

ನಾವು ಮಾಲೀಕರ ಹತ್ತಿರ ಮಾತಾಡಿದೆವು. 1936ರಷ್ಟು ಹಿಂದೆಯೇ ವೇತನ ಪಾವತಿ ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇದೆ, 2019ರ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ಲೆಕ್ಕ ಕೊಡಬೇಕಾದ ದುಡ್ಡು ಕಳೆದರೆ ಸಂಬಳದಲ್ಲಿ ಹಿಡಿಯಬಹುದು, ನಿಜ. ಆದರೆ ಆ ಕೆಲಸಗಾರನ ನಿರ್ಲಕ್ಷ್ಯದಿಂದ, ತಪ್ಪಿನಿಂದ ಕಳೆದಿದ್ದರೆ ಮಾತ್ರ. ಹಿಡಿಯುವ ಮುಂಚೆ ಅವನ ಮಾತು ಕೇಳಬೇಕು. ನಷ್ಟಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಹಿಡಿಯುವಂತಿಲ್ಲ. "ಹಂಗಾರ ಆರ್ನೂರಾ ನಲವತ್ತು ನಾ ಎಲ್ಲಿಂದ ತರ್ಲಿ ಹೇಳ್ರಿ. ಬಾಡಿಗಿ, ಗ್ಯಾಸು, ಎಣ್ಣಿ. ನನ್ ಮಾತು ಯಾರು ಕೇಳ್ತಾರ?" ಅಂದರು. ಅವರ ಮಾತೂ ಸುಳ್ಳಲ್ಲ. ಒಂದು ಗ್ಯಾಸ್ ಸಿಲಿಂಡರಿಗೆ ಎಷ್ಟು ಅಂತ ಗಲ್ಲಾದಲ್ಲಿ ಕೂತ ನಮಗೂ ಗೊತ್ತಿತ್ತು. ಮಾತು ಅಲ್ಲಿಗೆ ನಿಂತಿತು.

ತಿಂಗಳ ಕೊನೆಗೆ ನೋಟ್‌ಬುಕ್ಕಿನ ಲೆಕ್ಕ ಕೂಡಿಸುವಾಗ ಒಂದು ಪುಟದಲ್ಲಿ ಕಣ್ಣು ನಿಂತಿತು. ಉತ್ಸವ ಮುಗಿದ ಮಾರನೇ ದಿನ, ಬಾಗಿಲು ಹಾಕಿದ್ದು 10.40ಕ್ಕೆ, "ಹೆಚ್ಚು 640". ಬರೆದಿದ್ದು ನಾವೇ. ಅವತ್ತು ಆ ದುಡ್ಡನ್ನು ಮಾಲೀಕರು ಜೇಬಿಗೆ ಹಾಕಿಕೊಂಡು "ವಿರೂಪಾಕ್ಷ ಕೊಟ್ಟ" ಅಂದಿದ್ದರು. ಮೊದಲ ರಾತ್ರಿಯ ಲೆಕ್ಕ ಹುಡುಗನ ಚೀಟಿಯಲ್ಲಿ, ಎರಡನೇ ರಾತ್ರಿಯದು ನಮ್ಮ ಪುಸ್ತಕದಲ್ಲಿ. ಎರಡು ಚೀಟಿ ಅಕ್ಕಪಕ್ಕ ಯಾರೂ ಇಟ್ಟಿರಲಿಲ್ಲ.

ಆಮೇಲೆ ಹುಡುಕುವುದು ಕಷ್ಟವಾಗಲಿಲ್ಲ. ಬಿಲ್ಲಿಂಗ್ ಮಷೀನಿನಲ್ಲಿ ದಿನ ಮುಗಿಯುವುದು ನಾವು ದಿನದ ಲೆಕ್ಕ ಮುಗಿಸುವ ಬಟನ್ ಒತ್ತಿದಾಗ, ಅದು ರಾತ್ರಿ ಎರಡಾದರೂ ಸರಿ. ಫೋನಿನ ಆಪ್‌ನಲ್ಲಿ ದಿನ ಮುಗಿಯುವುದು 12ಕ್ಕೆ. ಆ ರಾತ್ರಿ 12 ದಾಟಿದ ಮೇಲೆ ಮಾಡಿದ ಬಿಲ್ಲುಗಳು ಮಷೀನಿನಲ್ಲಿ ಉತ್ಸವದ ದಿನಕ್ಕೆ ಸೇರಿದವು. ಅವುಗಳ ಫೋನ್ ದುಡ್ಡು ಆಪ್‌ನಲ್ಲಿ ಮಾರನೇ ದಿನಕ್ಕೆ ಹೋಯಿತು. ಮಾಲೀಕರ ಫೋನ್ ತೆಗೆಸಿ ನೋಡಿದೆವು. 12.04ಕ್ಕೆ 210. 12.11ಕ್ಕೆ 250. 12.19ಕ್ಕೆ 180. ಕೂಡಿಸಿದರೆ 640.

ಮಾಲೀಕರು ಫೋನನ್ನು ಮೇಲೆ ಕೆಳಗೆ ಎರಡು ಸಲ ಸರಿಸಿದರು. ಕನ್ನಡಕ ತೆಗೆದು ಒರೆಸಿದರು. "ಕರೀರಿ ಹುಡುಗನ್ನ" ಅಂದರು.

ಹುಡುಗ ಅಷ್ಟರಲ್ಲಿ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ಒಂದು ಕ್ಯಾಂಟೀನಿಗೆ ಸೇರಿಕೊಂಡಿದ್ದ. ವಾಪಸ್ ಬರುವುದಿಲ್ಲ ಅಂದ. ಫೋನಿಗೇ 640 ಹಾಕಿಸಿದೆವು. ದುಡ್ಡು ಬಂತು ಅಂತ ಹೇಳಲು ಫೋನ್ ಮಾಡಿದವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ರೊಕ್ಕ ಇರ್ಲಿ. ನಮ್ಮಪ್ಪಗ ಒಂದ್ ಮಾತು ನೀವಾ ಹೇಳ್ರಿ" ಅಂದ. ಊರಲ್ಲಿ ಅವರಪ್ಪ ಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದರಂತೆ.

ನಾವು ಹೇಳಿದರೆ ಸಾಲದು ಅನ್ನಿಸಿ ಮಾಲೀಕರಿಗೇ ಫೋನ್ ಕೊಟ್ಟೆವು. ಅವರು ಹೋಟೆಲಿನ ಹಿಂದೆ, ಪಾತ್ರೆ ತೊಳೆಯುವ ಕಡೆ ಹೋಗಿ ಮಾತಾಡಿದರು. ಏನು ಹೇಳಿದರೋ ಪೂರ್ತಿ ಕೇಳಿಸಲಿಲ್ಲ. "ನಿಮ್ ಮಗಂದು ಏನೂ ಇಲ್ರೀ, ಮಷೀನಿಂದು" ಅನ್ನುವುದು ಎರಡು ಸಲ ಕೇಳಿಸಿತು. ಆ ಕಡೆಯಿಂದ ಏನು ಹೇಳಿದರು ಅಂತ ಕೇಳಿದರೆ, "ಅವ ಹಂಗ ಮಾಡೋನಲ್ಲ ಅಂತ ನನಗ ಮೊದ್ಲಾ ಗೊತ್ತಿತ್ತು ಅಂದ್ರು" ಅಂದರು. ಅಡುಗೆ ಮನೆಯಲ್ಲಿ ಶರ್ಟಿನ ಮಾತು ಎತ್ತಿದವರು ಅವತ್ತು ನಮ್ಮ ಜೊತೆ ಚಹಾ ಕುಡಿಯಲಿಲ್ಲ.

ಗಲ್ಲಾಕ್ಕೆ ಹೋಗುವ ಹುಡುಗರಿಗೆ ಇಷ್ಟು ಹೇಳಬಹುದು. ದುಬಾರಿ ಆಪ್ ಏನೂ ಬೇಡ, ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಗಲ್ಲಾಕ್ಕೆ ಕೂರುವಾಗ ಒಳಗೆ ಎಷ್ಟಿದೆ ಅಂತ ಎಣಿಸಿ ಬರೆದು, ಹಿಂದಿನವನ ಸಹಿ ಹಾಕಿಸಿ. ಏಳುವಾಗ ನಿಮ್ಮದು. ಬೇರೆಯವರು ಐದು ನಿಮಿಷ ಕೂತರೂ ಹಾಗೇ. ರಾತ್ರಿ 12 ದಾಟುವ ಹಾಗಿದ್ದರೆ 11.55ಕ್ಕೆ ಮಷೀನಿನಲ್ಲಿ ಒಂದು ಸಲ ಲೆಕ್ಕ ಮುಗಿಸಿ, ಮತ್ತೆ ಶುರು ಮಾಡಿ. ಹೆಚ್ಚು ಬಂದದ್ದನ್ನು ಕಮ್ಮಿ ಬಂದಷ್ಟೇ ನಿಗಾದಿಂದ ಬರೆಯಿರಿ. ದುಡ್ಡು ಹಿಡಿಯುತ್ತೇವೆ ಅಂದರೆ ಯಾವ ದಿನದ್ದು, ಎಷ್ಟು, ಯಾಕೆ ಅಂತ ಬರೆದು ಕೊಡಿ ಅನ್ನಿ. ಕೇಳಿದರೆ ಕೆಲಸ ಹೋಗುತ್ತದೆ ಅನ್ನುವ ಭಯ ನಮಗೂ ಗೊತ್ತು. ತಾಲೂಕಿನಲ್ಲಿ ಕಾರ್ಮಿಕ ನಿರೀಕ್ಷಕರು ಇರುತ್ತಾರೆ, ಅವರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರಲಿ.

ನಮ್ಮ ಹೋಟೆಲಿನಲ್ಲಿ ಈಗ ಪುಸ್ತಕಕ್ಕೆ ಎರಡು ಕಲಂ ಇವೆ. ಕಮ್ಮಿ ಒಂದು, ಹೆಚ್ಚು ಒಂದು. ಹೆಚ್ಚು ಬಂದದ್ದನ್ನು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುವುದು, ಕಮ್ಮಿ ಬಂದ ದಿನ ಅದರಿಂದ ತುಂಬುವುದು, ತಿಂಗಳ ಕೊನೆಗೆ ತಾಳೆ ಮಾಡುವುದು ಅಂತ ಮಾಲೀಕರೇ ಒಪ್ಪಿಕೊಂಡರು. ಹೋದ ತಿಂಗಳು ಕಮ್ಮಿ 95, ಹೆಚ್ಚು 130. ಬಾಟಲಿಯಲ್ಲಿ ಉಳಿದ 35 ರೂಪಾಯಿ ಯಾರದು ಅನ್ನುವ ಜಗಳ ಇನ್ನೂ ನಡೆದಿದೆ. ಆನೆಗೆ ಕೊಡೋಣ ಅಂತ ಭಟ್ಟ ಹೇಳುತ್ತಿದ್ದಾನೆ.